ಕೆಂಪು ಕಾರಿಗೆ ಜವರ ಇಟ್ಟ ಬೊಟ್ಟು

ದೇವರು ಮನುಷ್ಯರಿಗೆಲ್ಲ ಬುದ್ಧಿ ಹಂಚುತ್ತಿದ್ದ ಹೊತ್ತಿನಲ್ಲಿ ಎಲ್ಲರೂ ಬೊಗಸೆ ಒಡ್ಡಿ ನಿಂತರಂತೆ. ಜವರನೊಬ್ಬ ಮಾತ್ರ ಭಕ್ತಿಯಿಂದ ಕೈ ಮುಗಿದು ನಿಂತಿದ್ದ. ಮುಗಿದ ಕೈಗೆ ದೇವರಾದರೂ ಏನು ಸುರಿದಾನು? ಹಾಗಾಗಿ ಜವರನ ಪಾಲಿಗೆ ಉಳಿದದ್ದು ಬರೀ ಭಕ್ತಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನಿಗೆ ವ್ರತವಿದ್ದಂತೆ. ಆ ವ್ರತಕ್ಕೆ ಅವನು ಒಂದು ದಿನವೂ ಭಂಗ ತಂದವನಲ್ಲ.

ಅವನ ತಾಯಿ ನಿಂಗಾಜಮ್ಮ. ಗಂಡನನ್ನು ಕಳಕೊಂಡವಳು, ಇದ್ದವನು ಇವನೊಬ್ಬ. ಅಣ್ಣನ ಮಗಳು ನೀಲಳನ್ನು ಸೊಸೆಯಾಗಿ ಮನೆ ತುಂಬಿಸಿಕೊಳ್ಳಬೇಕು ಎಂಬುದೊಂದೇ ಅವಳ ಆಸೆ. ನೀಲಳಿಗೂ ಜವರನ ಮೇಲೆ ಮನಸ್ಸಿತ್ತು. "ಮೋಸ ಮಾಡೋಕೂ ವಸಿ ಬುದ್ಧಿ ಬೇಕು ಕಣ್ರೇ, ಇವನತ್ರ ಅದೂ ಇಲ್ಲ. ನಂಗೆ ಇವನೇ ಸಾಕು" ಎಂದು ಗೆಳತಿಯರ ಮುಂದೆ ಅಂದಿದ್ದಳು. ಅಡ್ಡ ನಿಂತವನು ಅವಳ ಅಪ್ಪ ಕಾಳೇಗೌಡ.

ಕಾಳೇಗೌಡನಿಗೆ ಕಾರಿನ ಹುಚ್ಚು. ಸ್ವಂತಕ್ಕೆ ಅಂತ ಇದ್ದದ್ದು ಒಂದು ಹಳೇ ಮೊಪೆಡ್ಡು, ಅದನ್ನೂ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಆದರೆ ಯಾವ ದೇಶದಲ್ಲಿ ಯಾವ ಕಾರು ಬಂತು, ಅದರ ಎಂಜಿನ್ನು ಎಷ್ಟು ಹಾರ್ಸ್ ಪವರು ಎಂಬುದೆಲ್ಲ ಅವನ ನಾಲಿಗೆ ತುದಿಯಲ್ಲಿ. ಪ್ರತಿ ಸಂಜೆ ಹೆದ್ದಾರಿ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಅವನಿಗೂ ಬೆಲ್ಲದ ಮಂಡಿ ಚೌಡಪ್ಪನಿಗೂ ವಾದ. ಆ ವರ್ಷವೆಲ್ಲ ವಾದ ಒಂದೇ ಕಾರಿನದು. ಜಲ್ಲಿ ಕ್ರಷರಿನ ಬೆಟ್ಟಸ್ವಾಮಿ ಹೊರದೇಶದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಬುಕ್ ಮಾಡಿದ್ದ.

"ಆರುನೂರು ಹಾರ್ಸ್ ಪವರು ಕಣಯ್ಯ ಚೌಡಪ್ಪ. ಕಾಲಿಟ್ರೆ ಸಾಕು, ಮಾತು ಬಾಯಲ್ಲಿರೋವಾಗ್ಲೇ ಶ್ರೀರಂಗಪಟ್ಣ."

"ಅಷ್ಟು ಬೇಗ ಹೋಗಿ ಅಲ್ಲಿ ಏನು ಮಾಡ್ಬೇಕು? ನಮ್ಮ ರೋಡಲ್ಲಿ ಹಂಪಿನ ಮೇಲೆ ಹಂಪು. ಅದರ ಹೊಟ್ಟೆ ನೋಡಿದ್ರೆ ನೆಲ ನೆಕ್ತಾ ಅದೆ. ಬೆಲೆ ಕೇಳು ಬೆಲೆ. ಮೂರು ಕೋಟಿ. ಅದೂ ಷೋರೂಮಿನ ಬೆಲೆ. ಟ್ಯಾಕ್ಸು, ಇನ್ಷೂರೆನ್ಸು ಅಂತ ರೋಡಿಗೆ ಇಳಿಯೋ ಹೊತ್ತಿಗೆ ಇನ್ನೊಂದು ಆಲೆಮನೆ ಮಾರ್ಬೇಕು. ಇಷ್ಟೆಲ್ಲ ಕೊಟ್ಟು ಸೀಟು ಎಷ್ಟು, ಎರಡು. ಹೆಂಡ್ತಿ ಕೂತ್ರೆ ಅತ್ತೆಗೆ ಜಾಗ ಇಲ್ಲ."

"ಅದಕ್ಕೇ ಕಣಯ್ಯ ಆ ಬೆಲೆ" ಎನ್ನುತ್ತಿದ್ದ ಕಾಳೇಗೌಡ.

ಇಂಥ ಕಾಳೇಗೌಡನ ಮುಂದೆ ನಿಂಗಾಜಮ್ಮ ಸೆರಗೊಡ್ಡಿ ಹೆಣ್ಣು ಕೇಳಿದಳು. ಅವನು ಮೀಸೆ ನೀವಿಕೊಂಡು ಹೇಳಿದ: "ತಂಗಿ, ನನ್ನ ಅಳಿಯ ಆಗೋನಿಗೆ ಕಾರಿನ ಕೆಲಸ ಗೊತ್ತಿರ್ಬೇಕು. ಟೀ ಅಂಗಡಿ ಎದುರಿಗಿರೋ ಲಕ್ಕಪ್ಪನ ವಾಟರ್ ಸರ್ವೀಸಿಗೆ ಕಾರು ತೊಳೆಯೋಕೆ ಸೇರ್ಲಿ. ಯುಗಾದಿ ತಂಕ ಅಲ್ಲಿ ನಿಂತ್ರೆ ನೀಲ ನಿನ್ನ ಸೊಸೆ. ಅಷ್ಟರೊಳಗೆ ಲಕ್ಕಪ್ಪ ಕೆಲಸದಿಂದ ಓಡಿಸ್ಬಿಟ್ರೆ ಈ ಮಾತೇ ಇಲ್ಲ."

ಸರಿ, ಜವರ ಕೆಲಸಕ್ಕೆ ಸೇರಿದ. ಮೊದಲನೇ ದಿನ ಹೈಸ್ಕೂಲ್ ಹೆಡ್‌ಮೇಷ್ಟ್ರ ಕಾರು ಬಂತು. ಲಕ್ಕಪ್ಪ ಹೇಳಿದ: "ತೊಳಿ. ಒಳಗಾಗ್ಲಿ ಹೊರಗಾಗ್ಲಿ, ಒಂದು ಚೂರು ಧೂಳು ಕಾಣ್ಬಾರ್ದು." ಜವರ ಹೊರಗೆ ಪೈಪು ಹಿಡಿದ. ಆಮೇಲೆ ಬಾಗಿಲು ತೆಗೆದು ಒಳಗೂ ಪೈಪು ಹಿಡಿದ. ಸೀಟು ನೆನೆಯಿತು, ಮೇಷ್ಟ್ರು ತಿದ್ದಿಟ್ಟಿದ್ದ ಉತ್ತರ ಪತ್ರಿಕೆಗಳು ಕಾಗದದ ದೋಣಿಯಂತೆ ತೇಲಿದವು. ಫೇಲಾಗಿದ್ದವರ ಪುಣ್ಯ. ಲಕ್ಕಪ್ಪ ತಲೆ ಚಚ್ಚಿಕೊಂಡು ಬೈದ.

ಮನೆಗೆ ಬಂದರೆ ಅವ್ವನೂ ಬೈದಳು. "ಒಳಗಿರೋದಕ್ಕೆ ನೀರು ಬುಡ್ತಾರೇನ್ಲಾ? ಒಳಗಿರೋದನ್ನ ಈಚೆಗೆ ತಂದು, ಬಿಸಿಲಿಗೆ ಹಾಕಿ, ಚೆನ್ನಾಗಿ ಕೊಡವಬೇಕು."

"ಹೂಂ ಅವ್ವ, ಹಂಗೇ ಮಾಡ್ತೀನಿ" ಅಂದ ಜವರ.

ಮಾರನೇ ದಿನ ಬಂದದ್ದು ಇನ್ಷೂರೆನ್ಸ್ ಏಜೆಂಟನ ಕಾರು. ತಿರುಪತಿಗೆ ಹೋಗಿ ನೇರವಾಗಿ ಬಂದಿದ್ದರು. ಏಜೆಂಟನ ಅತ್ತೆ, ಮುಡಿ ಕೊಟ್ಟ ನುಣ್ಣನೆ ತಲೆಗೆ ಗಂಧ ಹಚ್ಚಿಕೊಂಡು, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಏಜೆಂಟ ಟೀ ಕುಡಿಯಲು ಹೋದ. ಜವರ ಬಾಗಿಲು ತೆಗೆದು ನೋಡಿದ. ಒಳಗೆ ಇದ್ದದ್ದು ಅಜ್ಜಿ. ಎರಡೂ ಕೈಯಲ್ಲಿ ಮೆತ್ತಗೆ ಎತ್ತಿಕೊಂಡು ಹೊರಟ.

ಅಜ್ಜಿಗೆ ಅರೆ ಎಚ್ಚರವಾಯಿತು. "ಯಾರಪ್ಪಾ ನೀನು? ನನ್ನನ್ನ ಎಲ್ಲಿಗೆ ಎತ್ಕೊಂಡು ಹೋಗ್ತಿದ್ದೀಯೆ?"

"ನಾನು ಜವರ ಕಣಜ್ಜಿ."

ಆ ಹೆಸರು ಕೇಳಿದ್ದೇ ಅಜ್ಜಿ ಮತ್ತೆ ಕಣ್ಣು ಮುಚ್ಚಿ "ನಾರಾಯಣ, ನಾರಾಯಣ" ಎನ್ನತೊಡಗಿದರು. ಜವರ ಅವರನ್ನು ಬಿಸಿಲಿನ ಕಲ್ಲುಚಪ್ಪಡಿಯ ಮೇಲೆ ಮಲಗಿಸಿ, ತೋಳು ಹಿಡಿದು ಎರಡು ಸಲ ಕೊಡವಿ, ಪೊರಕೆ ತಂದು ಸೀರೆ ಗುಡಿಸಿದ. ಏಜೆಂಟ ಓಡಿ ಬಂದ, ಲಕ್ಕಪ್ಪ ಓಡಿ ಬಂದ, ಬೆಂಚಿನ ಮೇಲಿದ್ದ ಕಾಳೇಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ.

"ದೊಡ್ಡೋರು ಕಾರಲ್ಲಿ ಕೂತಿದ್ರೆ ಮುಟ್ಟಬಾರ್ದು ಕಣ್ಲಾ" ಎಂದು ನಿಂಗಾಜಮ್ಮ ಹಣೆ ಹಣೆ ಬಡಿದುಕೊಂಡಳು. "ಕೈ ಮುಗೀಬೇಕು. ಕುಡಿಯೋಕೆ ಮಜ್ಜಿಗೆ ಕೊಡ್ಬೇಕು. ಅವರಾಗೇ ಇಳಿಯೋ ತಂಕ ಸುಮ್ಕೆ ನಿಂತಿರ್ಬೇಕು."

"ಹೂಂ ಅವ್ವ, ಹಂಗೇ ಮಾಡ್ತೀನಿ."

ಮೂರನೇ ಸರದಿ ಬೆಲ್ಲದ ಮಂಡಿ ಚೌಡಪ್ಪನದು. ಅವನ ಕಾರಿನ ಸೀಟಿನ ಮೇಲೆ ಮಾದರಿಗೆಂದು ಇಟ್ಟಿದ್ದ ಅಚ್ಚುಬೆಲ್ಲ. ಕಿಟಕಿ ತೆರೆದೇ ಇತ್ತು. ಎಲ್ಲಿತ್ತೋ ಏನೋ, ಒಂದು ಗಡವ ಕೋತಿ ಒಳಗೆ ಬಂದು ಡ್ರೈವರ್ ಸೀಟಿನಲ್ಲಿ ಕುಳಿತಿತು. ಜವರ ನೋಡಿದ. ಕೋತಿಯೆಂದರೆ ಸಣ್ಣವರೇ? ಹನುಮಂತನ ಕುಲ. ಮುಖದ ಮೇಲೆ ಬಿಳೀ ಗಡ್ಡ ಬೇರೆ. ಕೈ ಮುಗಿದ. ಟೀ ಅಂಗಡಿಯಿಂದ ಮಜ್ಜಿಗೆ ತಂದಿಟ್ಟ. ಕೋತಿ ಬೆಲ್ಲ ತಿಂದು, ಮಜ್ಜಿಗೆ ಕುಡಿದು, ಹಾರನ್ ಒತ್ತಿ, ಕನ್ನಡಿ ಕಿತ್ತು, ಸೀಟಿನ ಹತ್ತಿಯನ್ನೆಲ್ಲ ಹಿಂಜಿ ಈಚೆಗೆ ಹಾಕುವವರೆಗೂ ಜವರ ಮುಗಿದ ಕೈ ಬಿಚ್ಚಲಿಲ್ಲ. ಹೊರಡುವಾಗ "ಹೋಗಿ ಬನ್ನಿ" ಅಂದ.

"ಓಡಿಸೋಕೆ ಏನಾಗಿತ್ತಯ್ಯ ನಿಂಗೆ?" ಎಂದು ಚೌಡಪ್ಪ ಕೇಳಿದ.

"ಅವರಾಗೇ ಓಡಿಸ್ತಾರೇನೋ ಅನ್ಕಂಡೆ. ಸ್ಟೇರಿಂಗು ಹಿಡ್ಕಂಡೇ ಕೂತಿದ್ರು" ಅಂದ ಜವರ.

ಲಕ್ಕಪ್ಪ ಕೊನೆಯ ಮಾತು ಹೇಳಿಬಿಟ್ಟ. "ಇನ್ನೊಂದು ಸಲ ಹಿಂಗಾದ್ರೆ ನೀನು ರೋಡಿಗೆ." ಕಾಳೇಗೌಡ ಅಷ್ಟಕ್ಕೇ ಕಾಯದೆ, ಯುಗಾದಿ ಕಳೆದ ಮೇಲೆ ಹೆಣ್ಣು ನೋಡಲು ಬರುವಂತೆ ಬನ್ನೂರಿನ ಕಡೆಯ ಒಂದು ಗಂಡಿಗೆ ಹೇಳಿ ಕಳಿಸಿದ. ನೀಲ ಅನ್ನ ಬಿಟ್ಟಳು. ನಿಂಗಾಜಮ್ಮ ದೇವರ ಗೂಡಿನ ಮುಂದೆ ಕುಳಿತು ಅತ್ತಳು. ಅತ್ತು ಮುಗಿಸಿ, ಮಗನನ್ನು ಹತ್ತಿರ ಕೂರಿಸಿಕೊಂಡು, ತಲೆ ಸವರಿ ಮೆಲ್ಲಗೆ ಹೇಳಿದಳು.

"ಕಂದ, ಬೆಲೆ ಬಾಳೋ ವಸ್ತು ಕಂಡ್ರೆ ಎಲ್ಲರ ಕಣ್ಣೂ ಬೀಳ್ತದೆ. ಕೋತಿ ಕಣ್ಣೂ ಬೀಳ್ತದೆ, ಮನುಷ್ಯರ ಕಣ್ಣೂ ಬೀಳ್ತದೆ. ದೃಷ್ಟಿ ತಾಗದಂಗೆ ಕಾಯಬೇಕು ನೀನು. ನೀನು ಕೂಸಾಗಿದ್ದಾಗ ಕೆನ್ನೆಗೆ ಒಂದು ಮಸಿಬೊಟ್ಟು ಇಡದೆ ನಿನ್ನ ಹೊಸಲು ದಾಟಿಸ್ತಿರ್ಲಿಲ್ಲ ನಾನು."

"ಹೂಂ ಅವ್ವ, ಹಂಗೇ ಮಾಡ್ತೀನಿ."

ಯುಗಾದಿ ಇನ್ನೇನು ಬಾಗಿಲಲ್ಲಿತ್ತು. ಅಷ್ಟರಲ್ಲಿ ಬೆಟ್ಟಸ್ವಾಮಿಯ ಕೆಂಪು ಕಾರು ಬಂದೇ ಬಂತು. ಲಾರಿಯ ಮೇಲೆ ಬಂದು, ಬೆಳಗಿನ ಹೊತ್ತು ಲಕ್ಕಪ್ಪನ ಶೆಡ್ಡಿನಲ್ಲಿ ಇಳಿಯಿತು. ತೊಳೆದು ಒರೆಸಿ ಸಿದ್ಧ ಮಾಡಿದರೆ ಮಧ್ಯಾಹ್ನ ಗಣಪತಿ ಗುಡಿಯ ಮುಂದೆ ಪೂಜೆ. ಬೆಟ್ಟಸ್ವಾಮಿಗೆ ಮಾತ್ರ ಒಂದು ಅಳುಕು. ಅವನು ಯಾವ ಹೊಸ ಗಾಡಿ ತಂದರೂ ಮೊದಲ ದಿನವೇ ಆ ಬೆಂಚಿನ ಇಬ್ಬರೂ ಸುತ್ತ ತಿರುಗಿ ಹೊಗಳುತ್ತಿದ್ದರು, ತೆಗಳುತ್ತಿದ್ದರು. ತಿರುವು ದಾಟುವುದರೊಳಗೆ ಟೈರು ಸಿಡಿಯುತ್ತಿತ್ತು, ಇಲ್ಲವೇ ಗಾಜು ಒಡೆಯುತ್ತಿತ್ತು. "ಲಕ್ಕಪ್ಪ, ಆ ಇಬ್ಬರ ಕಣ್ಣು ವಸಿ ತಪ್ಪಿಸು ಮಾರಾಯ" ಎಂದು ಹೇಳಿ ಪೂಜಾರಪ್ಪನನ್ನು ಕರೆತರಲು ಹೋದ. ಲಕ್ಕಪ್ಪ ಜವರನ ಕಡೆ ತಿರುಗಿ, "ಕೇಳಿಸ್ಕಂಡೆ ತಾನೆ, ಕಣ್ಣು ಬೀಳದಂಗೆ ನೋಡ್ಕೋ" ಎಂದು ಹೇಳಿ, ಹೂವಿನ ಹಾರಕ್ಕೂ ಬೂದುಗುಂಬಳಕಾಯಿಗೂ ಪೇಟೆಗೆ ಹೋದ.

ಜವರ ಕಾರನ್ನು ತೊಳೆದ. ಕನ್ನಡಿಯ ಹಾಗೆ ಹೊಳೆಯಿತು. ಅದರಲ್ಲಿ ತನ್ನದೇ ಮುಖ ಕಂಡು ನಾಚಿಕೊಂಡ. ಆಮೇಲೆ ಕೂತು ಯೋಚನೆ ಮಾಡಿದ. ಯೋಚನೆ ಅವನಿಗೆ ಅಭ್ಯಾಸವಿಲ್ಲದ ಕೆಲಸ, ಆದರೂ ಮಾಡಿದ. 'ನಾನು ಕೂಸಾಗಿದ್ದಾಗ ನನ್ನ ಬೆಲೆ ಎಷ್ಟಿದ್ದಾತು? ಏನೂ ಇಲ್ಲ. ಅಂಥ ನನಗೇ ಅವ್ವ ಹೆಬ್ಬೆಟ್ಟಿನಷ್ಟು ಬೊಟ್ಟು ಇಟ್ಟಳು. ಇದರ ಬೆಲೆ ಮೂರು ಕೋಟಿ ಅಂತ ಚೌಡಪ್ಪಣ್ಣ ಹೇಳ್ತಾನೆ. ಆರುನೂರು ಹಾರ್ಸ್ ಪವರು ಅಂತ ಮಾವ ಹೇಳ್ತಾನೆ. ಇಷ್ಟಕ್ಕೆಲ್ಲ ಹೆಬ್ಬೆಟ್ಟಿನ ಬೊಟ್ಟು ಎಲ್ಲಿ ಸಾಲ್ತದೆ?'

ರಸ್ತೆಯಾಚೆಗೆ ಆಲೆಮನೆ. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ತಳದಲ್ಲಿ ಬೇಕಾದಷ್ಟು ಮಸಿ. ಜವರ ಒಂದು ಬಕೆಟ್ಟು ಕೆರೆದು ತಂದ. ಹರಳೆಣ್ಣೆ ಹಾಕಿ ಕಲಸಿದ. ಗಣಪತಿಗೆ ಕೈ ಮುಗಿದು ಮೂತಿಯಿಂದ ಶುರು ಮಾಡಿದವನು ಬಾಲದವರೆಗೂ ಒಂದೇ ಬೊಟ್ಟು ಇಟ್ಟ. ಗಾಜು ಬಿಡಲಿಲ್ಲ, ದೀಪ ಬಿಡಲಿಲ್ಲ, ಚಕ್ರವನ್ನೂ ಬಿಡಲಿಲ್ಲ. ಮೂರು ಕೋಟಿಗೆ ಎಷ್ಟು ಬೇಕೋ ಅಷ್ಟು.

ಅಷ್ಟರಲ್ಲಿ ಬೆಂಚಿನವರು ಇಬ್ಬರೂ ಉಸಿರು ಕಟ್ಟಿಕೊಂಡು ಬಂದರು. ಶೆಡ್ಡಿನೊಳಗೆ ಇಣುಕಿದರು. ಒಳಗೆ ಕಪ್ಪಗೆ, ಚಪ್ಪಟೆಯಾಗಿ ಏನೋ ಒಂದು ನಿಂತಿತ್ತು.

"ಕಾರು ಇನ್ನೂ ಬಂದಿಲ್ಲ ಕಣಯ್ಯ" ಅಂದ ಕಾಳೇಗೌಡ. "ಬಂದಿದ್ರೆ ನಂಗೆ ಹೇಳ್ಬೇಕಾಗೇ ಇಲ್ಲ. ಕಣ್ಣು ಕಟ್ಟಿ ನಿಲ್ಲಿಸಿದ್ರೂ ಆ ಕಾರಿನ ಮೈ ನಂಗೆ ಗೊತ್ತಾಗ್ತದೆ." ಹಾಗೆಂದು ಆ ಕಪ್ಪನೆಯದಕ್ಕೆ ಬೆನ್ನು ಕೊಟ್ಟು ಒರಗಿದ.

"ಇದ್ಯಾವುದಿದು, ಸುಟ್ಟೋದ ಗಾಡಿ?" ಎಂದು ಚೌಡಪ್ಪ ಮೂಗು ಮುಚ್ಚಿಕೊಂಡ.

"ಯಾವುದೋ ಆಲೆಮನೆ ಒಲೆಗೆ ಬಿದ್ದಿರ್ಬೇಕು. ಇದರ ಎಂಜಿನ್ನು ನೋಡು, ಒಳಗೆ ಹೆಗ್ಗಣ ಮರಿ ಹಾಕಿರ್ತದೆ. ಗುಡಿ ಮುಂದಿನ ಏರು ಹತ್ತಿದ್ರೆ ನನ್ನ ಮೀಸೆ ಬೋಳಿಸ್ಕತೀನಿ."

"ಗುಜರಿಯವನಿಗೆ ಹಾಕಿದ್ರೆ ಎಷ್ಟು ಬಂದಾತು? ನಾನಾದ್ರೆ ಒಂದು ಪೆಂಟೆ ಬೆಲ್ಲಕ್ಕಿಂತ ಜಾಸ್ತಿ ಕೊಡಲ್ಲ. ಅದೂ ಕರಿಬೆಲ್ಲ."

ಹೀಗೆ ಒಬ್ಬ ಎಂಜಿನ್ನಿನ ಲೆಕ್ಕ ಹೇಳಿದ, ಒಬ್ಬ ಬೆಲೆಯ ಲೆಕ್ಕ ಹೇಳಿದ. ಇದೇ ಮೊದಲ ಸಲ ಇಬ್ಬರಿಗೂ ವಾದವೇ ಹುಟ್ಟಲಿಲ್ಲ. ಜವರ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದನ್ನು ಹೇಳುವವನು ಅವನಲ್ಲ.

ಬೆಟ್ಟಸ್ವಾಮಿ ಪೂಜಾರಪ್ಪನ ಜೊತೆ ಬಂದ. ಲಕ್ಕಪ್ಪ ಹಾರ ಹಿಡಿದು ಹಿಂದೆಯೇ ಬಂದ. ಶೆಡ್ಡಿನ ಬಾಗಿಲಲ್ಲೇ ಬೆಟ್ಟಸ್ವಾಮಿ ನಿಂತುಬಿಟ್ಟ. "ನನ್ನ ಕಾರೆಲ್ಲಿ?"

"ಇಲ್ಲೇ ಅದೆ. ಮಾವ ಒರಗಿದ್ದಾನಲ್ಲ, ಅದೇ" ಅಂದ ಜವರ.

ಬೆಟ್ಟಸ್ವಾಮಿ ಕೀ ಒತ್ತಿದ. ಮಸಿಯೊಳಗಿಂದ ಎರಡು ಕಣ್ಣು ಮಿನುಗಿದವು. ಒರಗಿದ್ದ ಕಾಳೇಗೌಡ ಹಾವು ತುಳಿದವನಂತೆ ನೆಗೆದ. ಗಾಜನ್ನು ಪಂಚೆಯಲ್ಲಿ ಒರೆಸಿಕೊಂಡು ಬೆಟ್ಟಸ್ವಾಮಿ ಒಳಗೆ ಕೂತು ಎಂಜಿನ್ನು ಹಚ್ಚಿದಾಗ ಶೆಡ್ಡಿನ ತಗಡೆಲ್ಲ ಗುಡುಗಿತು. ಲಕ್ಕಪ್ಪನ ಕೈಯಿಂದ ಕುಂಬಳಕಾಯಿ ಜಾರಿ ಬಿದ್ದು, ಇಳಿತೆಗೆಯುವ ಮೊದಲೇ ಒಡೆಯಿತು. ಕಾರು ಶೆಡ್ಡಿನಿಂದ ಹೊರಟು, ಪೂಜಾರಪ್ಪ ಚಕ್ರದಡಿ ಇಟ್ಟ ನಿಂಬೆಹಣ್ಣು ಜಜ್ಜಿ, ಹಂಪುಗಳನ್ನು ಓರೆಯಾಗಿ ದಾಟಿ, ಗುಡಿ ಮುಂದಿನ ಏರನ್ನು ಒಂದೇ ಉಸಿರಿಗೆ ಹತ್ತಿತು. ತಿರುವಿನಲ್ಲಿ ಮರೆಯಾಗಿ ಮತ್ತೆ ಬಂದು ನಿಂತಿತು. ಟೈರು ಸಿಡಿಯಲಿಲ್ಲ. ಗಾಜು ಒಡೆಯಲಿಲ್ಲ.

ಲಕ್ಕಪ್ಪ ಅಷ್ಟರಲ್ಲಿ ಜವರನ ಕುತ್ತಿಗೆ ಪಟ್ಟಿ ಹಿಡಿದಾಗಿತ್ತು. ಬೆಟ್ಟಸ್ವಾಮಿ ಇಳಿದು ಬಂದು ಅದನ್ನು ಬಿಡಿಸಿದ. ಅವನ ಕಣ್ಣಲ್ಲಿ ನೀರಿತ್ತು, ನಕ್ಕು ನಕ್ಕು ಬಂದ ನೀರು.

"ಲಕ್ಕಪ್ಪ, ಇಷ್ಟು ವರ್ಷದಲ್ಲಿ ಇವರಿಬ್ಬರ ಕಣ್ಣು ತಪ್ಪಿಸಿದೋನು ಇವನೊಬ್ಬನೇ. ಇವನನ್ನ ಕೆಲಸದಿಂದ ತೆಗೆದ್ರೆ ನನ್ನ ಅಷ್ಟೂ ಲಾರಿ ಬೇರೆ ಶೆಡ್ಡಿಗೆ ಹೋಗ್ತವೆ, ನೋಡ್ಕೋ." ಮೀಸೆಯ ಪಂತವನ್ನು ಚೌಡಪ್ಪ ಆಗಲೇ ಅವನ ಕಿವಿಗೆ ಹಾಕಿದ್ದ. ಆಮೇಲೆ ತಿರುಗಿ, "ಕಾಳೇಗೌಡ್ರೆ, ಬೆನ್ನೆಲ್ಲ ಮಸಿಯಾಗದೆ. ಮೀಸೆ ಒಂದು ಉಳಿದದೆ, ಏರು ಹತ್ತಿದ್ದಕ್ಕೆ ಕ್ಷೌರದವನನ್ನ ಕರೆಸಲಾ?" ಅಂದ.

ಕಾಳೇಗೌಡ ಮೀಸೆಗೆ ಕೈ ಅಡ್ಡ ಹಿಡಿದ. "ಮೀಸೆ ಇರ್ಲಿ ಬುಡಿ, ಮಗಳನ್ನ ಕೊಡ್ತೀನಿ" ಅಂದ.

ಯುಗಾದಿ ಬಂತು, ಬೇವುಬೆಲ್ಲ ಆಯಿತು, ಜವರ ಲಕ್ಕಪ್ಪನ ಶೆಡ್ಡಿನಲ್ಲೇ ನಿಂತಿದ್ದ. ಬನ್ನೂರಿನ ಗಂಡಿಗೆ ಬರಬೇಡವೆಂದು ಹೇಳಿಕೆ ಹೋಯಿತು. ನಿಂಗಾಜಮ್ಮ ಮನೆ ಮುಂದೆ ಚಪ್ಪರ ಹಾಕಿಸಿದಳು.

ಲಕ್ಕಪ್ಪನಿಗೆ ಮಾತ್ರ ಆ ಮಸಿ ತೊಳೆದು ತೊಳೆದು ತೋಳು ಬಿದ್ದುಹೋಗಿತ್ತು. ಅವನು ಜವರನಿಗೆ ಕಟ್ಟುನಿಟ್ಟಾಗಿ ಹೇಳಿದ: "ಆದದ್ದಾಯ್ತು. ಇನ್ನು ಮ್ಯಾಲೆ ಬೆಲೆ ಬಾಳೋದಕ್ಕೆ ಏನಾದ್ರೂ ಬಳಿದಿರೋದು ಕಂಡ್ಯೋ, ಯಾರನ್ನೂ ಕೇಳ್ಬೇಡ. ಪೈಪು ಹಿಡಿ, ನೀರು ಬುಡು. ಮೂಲ ಬಣ್ಣ ಕಾಣೋ ತಂಕ ನಿಲ್ಲಿಸ್ಬೇಡ."

"ಹೂಂ ಲಕ್ಕಪ್ಪಣ್ಣ, ಹಂಗೇ ಮಾಡ್ತೀನಿ."

ಮದುವೆಯ ಹಿಂದಿನ ದಿನ ಅರಿಶಿನದ ಶಾಸ್ತ್ರ. ಅಂಗಳದ ಧೂಳು ಅಡಗಲೆಂದು ಲಕ್ಕಪ್ಪನೇ ಶೆಡ್ಡಿನ ಪಂಪು, ಪೈಪು ತಂದು ಕೊಟ್ಟಿದ್ದ. ಜವರ ನೀರು ಹೊಡೆಯುತ್ತಾ ಚಪ್ಪರದ ಮೂಲೆ ತಿರುಗಿದ. ಅಲ್ಲಿ ಹಸೆಯ ಮೇಲೆ ನೀಲ ಕುಳಿತಿದ್ದಳು. ಮುತ್ತೈದೆಯರು ಹಾಡು ಹೇಳುತ್ತಾ ಅವಳ ಕೆನ್ನೆಗೆ, ಕೈಗೆ, ಕಾಲಿಗೆ ಅರಿಶಿನ ಬಳಿದಿದ್ದರು. ಮುಖ ಎಲ್ಲಿ, ಕತ್ತು ಎಲ್ಲಿ ಎಂದು ಗೊತ್ತಾಗದ ಹಾಗೆ ಬಳಿದಿದ್ದರು.

ಜವರ ನೋಡಿದ. ಅವನ ಪಾಲಿಗೆ ಇಡೀ ಲೋಕದಲ್ಲಿ ಅದಕ್ಕಿಂತ ಬೆಲೆ ಬಾಳುವುದು ಇನ್ನೇನಿತ್ತು? ಯಾರನ್ನೂ ಕೇಳಲಿಲ್ಲ. ಪೈಪು ತಿರುಗಿಸಿದ, ನೀರು ಬಿಟ್ಟ.

ಹಾಡು ನಿಂತಿತು. ಅರಿಶಿನದ ಬಟ್ಟಲು ಹಾರಿತು, ಮುತ್ತೈದೆಯರು ಚದುರಿದರು, ಮಗಳ ಮುಂದೆ ಅಡ್ಡ ಬಂದ ಕಾಳೇಗೌಡನ ಪೇಟ ತೆಂಗಿನ ಗರಿಗೆ ಸಿಕ್ಕಿಕೊಂಡಿತು. ಜವರ ಮಾತ್ರ ಮೂಲ ಬಣ್ಣ ಕಾಣುವ ತನಕ ನಿಲ್ಲಿಸಲಿಲ್ಲ. ಕಂಡಿತು. ನೀಲಳ ಮುಖ ತೊಳೆದ ಮಾವಿನ ಹಣ್ಣಿನ ಹಾಗೆ ಹೊಳೆಯುತ್ತಿತ್ತು, ಅವಳು ನಗುತ್ತಿದ್ದಳು. ಎದ್ದು ಬಂದವಳೇ ಪೈಪು ಕಿತ್ತುಕೊಂಡು ಅವನ ಮೇಲೆಯೇ ತಿರುಗಿಸಿದಳು.

ಒದ್ದೆ ಸೀರೆ ಹಿಂಡಿಕೊಳ್ಳುತ್ತಾ ಒಬ್ಬ ಮುದುಕಿ ಹೇಳಿದಳು: "ಅರಿಶಿನ ಆದ್ಮೇಲೆ ಹೆಣ್ಣಿಗೂ ಗಂಡಿಗೂ ನೀರು ಹಾಕೋದು ಶಾಸ್ತ್ರವೇ ತಾನೆ. ಎರಡೂ ಒಂದೇ ಸಲಕ್ಕೆ ಮುಗೀತು, ನಡೀರಿ ಊಟಕ್ಕೆ."

ಎಲ್ಲರೂ ಊಟಕ್ಕೆ ಹೋದರು. ಅವರ ಮನೆ ತಂಪಾಗಿರಲಿ, ಕೇಳಿದವರ ಮನೆಯೂ ತಂಪಾಗಿರಲಿ.