ಬೆಕ್ಕಿನ ಬಯೋಡೇಟಾ

ಹಾಲು ಕದ್ದು ಮನೆಯಿಂದ ಹೊರಬಿದ್ದ ಬೆಕ್ಕು, ಬೀದಿಯ ಮಳೆಯಲ್ಲಿ ನೆನೆಯಲಾರದೆ, ಇರಲು ಜಾಗವೂ ಸಿಕ್ಕೀತೆಂದು ಆನೆಯ ಕಣಜದ ಕಾವಲಿಗೆ ಅರ್ಜಿ ಹಾಕಿತು. ಆನೆ ಬಯೋಡೇಟಾ ಓದಿತು: ಹುಲಿಯ ವಂಶ, ಹೂವಿನಂಥ ನಡೆ, ರೇಷ್ಮೆ ಮೀಸೆ, ಮೆತ್ತನೆಯ ದಿಂಬಿನ ಮೇಲೆ ಮಲಗಿದ ದೀರ್ಘ ಅನುಭವ.

"ತಾಯಿ, ಇದರಲ್ಲಿ ಇಲಿ ಎಂಬ ಮಾತೇ ಇಲ್ಲವಲ್ಲ? ನಿಮಗೆ ಇಲಿ ಹಿಡಿಯಲು ಬರುವುದಿಲ್ಲವೇ?"

ಬೆಕ್ಕಿಗೆ ಅವಮಾನವಾಯಿತು. "ಬರದೇನು! ಮೊನ್ನೆಯೂ ಹಿಡಿದೆ. ಆದರೆ ಅಂಥ ಕೀಳು ಕೆಲಸವನ್ನು ಮರ್ಯಾದಸ್ಥರು ಬರೆದುಕೊಳ್ಳುತ್ತಾರೆಯೇ? ಅರ್ಜಿ ಬರೆದುಕೊಟ್ಟವರೇ ಅದು ಬೇಡ ಎಂದರು."

"ಯಾರವರು?"

"ಹೆಗ್ಗಣರಾಯರು. ಪಾಪ, ಎಷ್ಟು ಅಕ್ಕರೆಯಿಂದ ಬರೆದುಕೊಟ್ಟರು!"

ಆನೆ ಅರ್ಜಿಯನ್ನು ಮಡಿಸಿ ವಾಪಸು ಕೊಟ್ಟಿತು. "ಹೆಗ್ಗಣದ ಕೈಲಿ ಹೊಗಳಿಸಿಕೊಂಡು ಬರುವವರಿಗೆ ನನ್ನ ಕಣಜದಲ್ಲಿ ಕೆಲಸವಿಲ್ಲ, ತಾಯಿ. ಆ ರಾಯರ ಬಿಲದಲ್ಲೇ ಜಾಗ ಕೇಳಿ ನೋಡಿ."