ಕೊಟ್ರೇಶಿ ಕಂಪ್ಯೂಟರ್ ಓಡಿಸಿದ್ದು

ಪೆದ್ದರಿಲ್ಲದ ಊರಿಲ್ಲ. ನಮ್ಮ ಪೇಟೆಗೂ ಒಬ್ಬನಿದ್ದ, ಕೊಟ್ರೇಶಿ ಅಂತ. ಆಳು ನೋಡಿದರೆ ತೊಲೆ ಹಾಗಿದ್ದ, ಹಿರಿಯರ ಮಾತು ಮೀರುವವನಲ್ಲ. ಅದೇ ಬಂದ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಎಲ್ಲಿ ಮಾಡಬೇಕು, ಯಾವಾಗ ಮಾಡಬೇಕು, ಅದು ಮಾತ್ರ ಕೇಳಬೇಡಿ.

ಅವನ ತಾಯಿ ಹಾಲಮ್ಮನದು ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ಅಂಗಡಿ. ಬಾಣಲೆ ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತಾ ಅವಳು ಹೇಳುತ್ತಿದ್ದುದು ಒಂದೇ ಮಾತು: "ಇವನಿಗೊಂದು ಮದುವೆ ಅಂತ ಆದ್ರೆ ಸಾಕವ್ವ. ನಾನು ಕಣ್ಣು ಮುಚ್ಚಿದ ಮೇಲೆ ಇವನ್ನ ನೋಡ್ಕೊಳೋರು ಯಾರು?"

ಕೊನೆಗೂ ಆನಗೋಡಿನ ತಿಪ್ಪಣ್ಣ ಮನಸ್ಸು ಮಾಡಿದ. ಅವನಿಗೆ ಅವಳಿ ಹೆಣ್ಣುಮಕ್ಕಳು, ಶಶಿಕಲಾ ಮತ್ತು ಚಂದ್ರಕಲಾ. ಒಬ್ಬಳ ಮುಖ ನೋಡಿದರೆ ಸಾಕು, ಇನ್ನೊಬ್ಬಳನ್ನು ನೋಡಿದ ಹಾಗೇ. ಶಶಿಕಲಾಗೆ ಹರಿಹರದ ಒಬ್ಬ ಕಂಡಕ್ಟರ್ ಜೊತೆ ಮದುವೆ ಮಾತಾಗಿತ್ತು.

"ಚಂದ್ರಕಲಾನ ನಿಮ್ಮ ಹುಡುಗನಿಗೆ ಕೊಡ್ತೀನಮ್ಮ," ಅಂದ ತಿಪ್ಪಣ್ಣ. "ಆದ್ರೆ ಅವನು ಒಂದ್ಕಡೆ ನೆಟ್ಟಗೆ ಕೆಲಸಕ್ಕೆ ನಿಲ್ಬೇಕು. ಅಲ್ಲಿಂದ ಓಡಿಸಿದ್ರೋ, ಮಾತು ಮುರೀತು ಅಂತ ತಿಳ್ಕೊ."

ಹಾಲಮ್ಮ ಓಡಿದಳು ಕರಿಬಸಪ್ಪನ ಫ್ಲೆಕ್ಸ್ ಅಂಗಡಿಗೆ. ಕೈಮುಗಿದಳು, ಕಾಲು ಹಿಡಿಯಲು ಬಗ್ಗಿದಳು. ಕರಿಬಸಪ್ಪ ಮರುಗಿ ಕೊಟ್ರೇಶಿಯನ್ನು ಸೇರಿಸಿಕೊಂಡ. ಪುಣ್ಯಾತ್ಮ, ಕೈಯಾರೆ ಉಡಿಯಲ್ಲಿ ಕೆಂಡ ಕಟ್ಟಿಕೊಂಡ!

ಆ ಅಂಗಡಿಯಲ್ಲೊಂದು ಹಳೇ ಕಂಪ್ಯೂಟರ್, ಅದರಲ್ಲೊಂದು ಡಿಸೈನ್ ಸಾಫ್ಟ್‌ವೇರ್. ತೆರೆಯಲು ಒತ್ತಿದರೆ ಹೋಗಿ ಚಹಾ ಕುಡಿದು ಬರಬಹುದು, ಅಷ್ಟು ನಿಧಾನ. ಮೊದಲನೇ ದಿನ ಕೊಟ್ರೇಶಿ ಒತ್ತಿದ. ತೆರೆಯಲಿಲ್ಲ. ಮತ್ತೆ ಒತ್ತಿದ. ತೆರೆಯಲಿಲ್ಲ. ಒತ್ತಿದ, ಒತ್ತಿದ, ಒತ್ತುತ್ತಲೇ ಹೋದ. ಕಂಪ್ಯೂಟರ್ ಉಸಿರುಗಟ್ಟಿ ನಿಂತೇಬಿಟ್ಟಿತು.

"ಲೇ ಮಂಕೇ!" ಕೂಗಿದ ಕರಿಬಸಪ್ಪ. "ಹಂಗ್ಯಾಕೆ ಕುಟ್ತೀಯಲೇ? ಒಂದ್ಸಲ ಒತ್ಬೇಕು, ಕೈ ಕಟ್ಕೊಂಡು ಕೂತ್ಕೊಬೇಕು. ಮುಗಿಯೋತನಕ ಏನೂ ಮುಟ್ಬಾರ್ದು!"

"ಹಂಗೇ ಆಗ್ಲಣ್ಣ!" ಅಂದ ಕೊಟ್ರೇಶಿ.

ಮಾರನೇ ದಿನ ಪ್ರಿಂಟ್ ಹೊಡೆಯುವ ಕೆಲಸ. ಒಂದು ಸಲ ಒತ್ತಿದ, ಕೈ ಕಟ್ಟಿಕೊಂಡು ಕೂತ. ಫ್ಲೆಕ್ಸ್ ಬಟ್ಟೆ ಸೊಟ್ಟಗೆ ಎಳೆದುಕೊಂಡು ಹೋಯಿತು. ಕೂತ. ಮಷೀನಿಗೆ ಸುತ್ತಿಕೊಂಡಿತು. ಕೂತ. ಗೋಡೆ ಮೇಲಿನ ದೇವರ ಪಟಕ್ಕೂ ಕೆಂಪು ಮಸಿ ಸಿಡಿಯಿತು. ಇವನು ಕದಲಲಿಲ್ಲ.

"ಕಣ್ಣು ಕಾಣಲ್ವೇನಲೇ?" ಓಡಿ ಬಂದ ಕರಿಬಸಪ್ಪ.

"ನೀವೇ ಹೇಳಿದ್ರಲ್ಲಣ್ಣ, ಮುಗಿಯೋತನಕ ಮುಟ್ಬ್ಯಾಡ ಅಂತ!"

"ಅಯ್ಯೋ ನನ್ನ ಕರ್ಮವೇ! ಎಡವಟ್ಟಾಯ್ತು ಅಂದ್ಕೂಡ್ಲೇ ಕರೆಂಟ್ ತೆಗೀಬೇಕು! ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗ್ತದೆ!"

"ಹಂಗೇ ಆಗ್ಲಣ್ಣ!"

ಮತ್ತೊಂದು ದಿನ ಕರಿಬಸಪ್ಪನೇ ಕೂತು ಬೆಳಗಿನಿಂದ ಒಂದು ದೊಡ್ಡ ಡಿಸೈನ್ ಮಾಡುತ್ತಿದ್ದ. ಹೂವು ಬಿಡಿಸಿದ, ಬಳ್ಳಿ ಬಿಡಿಸಿದ, ಕಮಾನು ಬಿಡಿಸಿದ. ಇನ್ನೇನು ಮುಗಿಯಬೇಕು, ಸಾಫ್ಟ್‌ವೇರ್ ತೆವಳತೊಡಗಿತು. "ಥೂ, ಏನು ಎಡವಟ್ಟಪ್ಪ ಇದು!" ಅಂತ ಗೊಣಗಿದ ಅಷ್ಟೇ. ಕೊಟ್ರೇಶಿ ಎದ್ದ, ಓಡಿದ, ಮೇನ್ ಸ್ವಿಚ್ಚೇ ಎಳೆದುಬಿಟ್ಟ! ಹೂವೂ ಹೋಯಿತು, ಬಳ್ಳಿಯೂ ಹೋಯಿತು, ಕಮಾನೂ ಹೋಯಿತು.

ಕರಿಬಸಪ್ಪ ತಲೆ ಚಚ್ಚಿಕೊಂಡ. "ಸೇವ್ ಮಾಡದೆ ಆಫ್ ಮಾಡ್ತಾರೇನಲೇ? ನಡೀ ಮನೆಗೆ!"

ಹಾಲಮ್ಮ ಬಿಸಿ ಮಿರ್ಚಿ ಪೊಟ್ಟಣ ಹಿಡಿದು ಓಡೋಡಿ ಬಂದಳು. "ಅಣ್ಣಾ, ನಿನ್ನ ದಮ್ಮಯ್ಯ! ಇವನ್ನ ಓಡಿಸಿದ್ರೆ ಆ ಹೆಣ್ಣೂ ಹೋಗ್ತದೆ. ಲೇ ಕೊಟ್ರ, ನಿನ್ನ ಹೆತ್ತು ನಾನು ಪಡಬಾರದ್ದು ಪಟ್ಟೆನಲ್ಲೋ! ಒಂದು ಗೆರೆ ಎಳೆದ್ರೂ ಒಂದು ನಕಲು ಇಟ್ಕೊಳ್ಳೋ!"

"ಹಂಗೇ ಆಗ್ಲವ್ವ!"

ಇಟ್ಟುಕೊಂಡ ನೋಡಿ! ಗೆರೆ ಎಳೆದ, ನಕಲು ಇಟ್ಟ. ಗೆರೆ ಅಳಿಸಿದ, ಅದಕ್ಕೂ ನಕಲು ಇಟ್ಟ. ಅಕ್ಕಿಮಿಲ್ಲಿನ ಒಂದು ಬೋರ್ಡಿಗೆ ಊರಿಗಾಗುವಷ್ಟು ನಕಲು. ಕಂಪ್ಯೂಟರ್ ಹೊಟ್ಟೆ ತುಂಬಿ ಬಿರಿಯುವ ಹಾಗಾಯಿತು. ಮೊದಲು ಚಹಾ ಕುಡಿದು ಬರಬಹುದಿತ್ತು, ಈಗ ಊಟ ಮಾಡಿ ಒಂದು ನಿದ್ದೆ ತೆಗೆದು ಬರಬಹುದಿತ್ತು.

"ಒಂದೇ ಥರದ್ದು ಎರಡೆರಡು ಯಾಕಲೇ?" ಕರಿಬಸಪ್ಪನ ಗಂಟಲೇ ಬಿದ್ದುಹೋಗಿತ್ತು. "ಒಂದಿಟ್ಟು ಇನ್ನೊಂದು ಅಳಿಸು! ಆಮೇಲೆ ನೋಡು ಹೆಂಗೆ ಓಡ್ತದೆ!"

"ಹಂಗೇ ಆಗ್ಲಣ್ಣ!"

ಕೂತು ಅಳಿಸಿದ. ಸಂಜೆ ಹೊತ್ತಿಗೆ ಕಂಪ್ಯೂಟರ್ ನಿಜವಾಗಿಯೂ ಓಡಿತು! ಕರಿಬಸಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಹಾಲಮ್ಮ ಅವತ್ತು ಬಂದವರಿಗೆಲ್ಲ ಒಂದೊಂದು ಮಿರ್ಚಿ ಹೆಚ್ಚಿಗೆ ಹಾಕಿದಳು. ಸುದ್ದಿ ಆನಗೋಡಿಗೆ ಹೋಯಿತು, ತಿಪ್ಪಣ್ಣ ಮುಹೂರ್ತ ಇಡಿಸಿದ. ಒಂದೇ ಚಪ್ಪರದಲ್ಲಿ ಎರಡೂ ಮದುವೆ.

ಮದುವೆಯ ಹಿಂದಿನ ದಿನ ಕರಿಬಸಪ್ಪ ಬೇರೆ ಕೆಲಸಕ್ಕೆ ಹೊರಟ. "ನಿನ್ನ ಮದುವೆ ಫ್ಲೆಕ್ಸ್ ನೀನೇ ಮುಗಿಸಲೇ. ಎಲ್ಲ ಮಾಡಿಟ್ಟೀನಿ. ನಾಲ್ಕು ಫೋಟೋ ಕೂರಿಸು, ಪ್ರಿಂಟ್ ಹೊಡಿ, ಮಂಟಪದ ಬಾಗಿಲಿಗೆ ಕಟ್ಟಿಸು."

ಅರಿಶಿನದ ಕೈಯಲ್ಲೇ ಕೊಟ್ರೇಶಿ ಕೂತ. ನಾಲ್ಕು ಫೋಟೋ ಬಿದ್ದ ಕೂಡಲೇ ಕಂಪ್ಯೂಟರ್ ಮತ್ತೆ ತೆವಳಿತು. ಈ ಸಲ ಅವನು ಕುಟ್ಟಲಿಲ್ಲ. ಕೈ ಕಟ್ಟಿ ಕೂತ. ಸೇವ್ ಮಾಡಿದ, ಆಫ್ ಮಾಡಿದ, ಆನ್ ಮಾಡಿದ. ಎಲ್ಲ ಸರಿಯಾಗೇ ಮಾಡಿದ, ಆದರೂ ಅದು ತೆವಳಿತು. ಆಗ ಫೋಟೋ ಕಡೆ ಬಗ್ಗಿ ನೋಡಿದ. ಗಂಡುಗಳಲ್ಲಿ ಒಬ್ಬನಿಗೆ ಮೀಸೆ, ಒಬ್ಬನಿಗಿಲ್ಲ. ಹೆಣ್ಣುಗಳು? ಅದೇ ಮೂಗು, ಅದೇ ಜಡೆ, ಅದೇ ಸೀರೆ!

"ಅಯ್ಯೋ, ಒಂದೇ ಥರದ್ದು ಎರಡು!"

ಒಂದಿಟ್ಟ, ಇನ್ನೊಂದು ಅಳಿಸಿದ. ಹೆಸರೂ ಒಂದು ಸಾಕು ಅಂತ ಚಂದ್ರಕಲಾ ಅನ್ನುವುದನ್ನೂ ಅಳಿಸಿದ. ಕಂಪ್ಯೂಟರ್ ಓಡಿತು!

ಬೆಳಗಾಗೆದ್ದು ಜನ ನೋಡಿದರೆ ಮಂಟಪದ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್. ನಡುವೆ ಶಶಿಕಲಾ ಒಬ್ಬಳೇ ನಗುತ್ತಿದ್ದಾಳೆ, ಅತ್ತ ಕಂಡಕ್ಟರ್, ಇತ್ತ ಕೊಟ್ರೇಶಿ! ಹರಿಹರದವರು ಕೆರಳಿದರು: "ನಮ್ಮ ಸೊಸೆಗೆ ಇಬ್ಬರು ಗಂಡಂದಿರೇನ್ರೀ?" ತಿಪ್ಪಣ್ಣ ಪೇಟ ಕಿತ್ತು ನೆಲಕ್ಕೆ ಬಡಿದ. ಚಂದ್ರಕಲಾ ಬಾಸಿಂಗ ಬಿಚ್ಚಿಟ್ಟಳು. "ಮದುವೆಗೆ ಮುಂಚೇನೇ ಅಳಿಸ್ದೋನು ಆಮೇಲೆ ನನ್ನ ಉಳಿಸ್ತಾನಾ? ನಾನೊಲ್ಲೆ!"

ಹಾಲಮ್ಮ ಮಗನನ್ನು ಹುಡುಕಿಕೊಂಡು ಚಪ್ಪರದ ತುಂಬ ಓಡಾಡಿದಳು. ಕೊಟ್ರೇಶಿ ಹಲ್ಲು ಬಿಡುತ್ತಾ ಬಂದ. "ಅವ್ವಾ, ಕಂಪ್ಯೂಟರ್ ಹೆಂಗೆ ಓಡ್ತೈತೆ ಗೊತ್ತಾ!"

"ನಿನ್ನ ಕಂಪ್ಯೂಟರಿಗೆ ಬೆಂಕಿ ಹಾಕ! ಹೆಣ್ಣು ಹೋಗ್ತೈತಲ್ಲೋ! ಒಳಗೆ ಹೋಗು, ಅವಳ ಕಾಲು ಹಿಡ್ಕೊ, ನೀನೇ ಬೇಕು ಅನ್ನು!"

"ಹಂಗೇ ಆಗ್ಲವ್ವ!"

ಒಳಗೆ ಹೋದ. ಅಕ್ಕತಂಗಿಯರಿಬ್ಬರೂ ಕೂತಿದ್ದರು. ಚಂದ್ರಕಲಾ ಮುಖ ತಿರುಗಿಸಿಕೊಂಡಳು, ಆದರೂ ಓರೆಗಣ್ಣಲ್ಲಿ ನೋಡಿದಳು. ಪಾಪ, ಒಂದು ಮಾತು ಕೇಳಿದ್ದರೆ ಕರಗುತ್ತಿದ್ದಳೋ ಏನೋ! ಕೊಟ್ರೇಶಿ ಇಬ್ಬರನ್ನೂ ನೋಡಿದ, ಯೋಚನೆ ಮಾಡಿದ, ಸೀದಾ ಹೋಗಿ ಶಶಿಕಲಾ ಕಾಲು ಹಿಡಿದ.

"ನೀನೇ ಬೇಕು!" ಅಂದ. "ಇನ್ನೊಬ್ಬಳನ್ನ ನಿನ್ನೆ ಅಳಿಸಿಬಿಟ್ಟೀನಿ!"

ಬಾಗಿಲಲ್ಲಿ ಕಂಡಕ್ಟರ್ ಅಂಗಿ ತೋಳು ಮಡಿಚುತ್ತಿದ್ದ. ಅವನ ಹಿಂದೆ ಹಾಲಮ್ಮ ನಿಂತಿದ್ದಳು. ಬೈಯಲು ಬಾಯಿ ತೆರೆದಳು, ಬುದ್ಧಿ ಹೇಳಲು ನಾಲಿಗೆ ತುದಿಗೂ ಬಂತು. ಸೆರಗು ತೆಗೆದು ಬಾಯಿಗೆ ತುರುಕಿಕೊಂಡಳು. ಹೇಳಿದರೆ ಅದನ್ನೂ ಹಾಗೇ ಮಾಡಿಬಿಡುತ್ತಾನಲ್ಲ!