ಬಣಕಾರ ಮೇಷ್ಟ್ರ ಹತ್ತೊಂಬತ್ತು ಚುಕ್ಕಿ

ಕೊಟ್ರವ್ವನಿಗೆ ಒಬ್ಬನೇ ಮಗ, ಉಜ್ಜಿನಪ್ಪ. ಎತ್ತಿನಂಥ ಆಳು, ಎಳೆಗರುವಿನಂಥ ಬುದ್ಧಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಗೋಳು.

ಇಂಥವನಿಗೂ ಬಣಕಾರ ಮೇಷ್ಟ್ರು ಎಂಟು ವರ್ಷ ಕೂರಿಸಿಕೊಂಡು ಅಕ್ಷರ ಕಲಿಸಿದ್ದರು. ಕಬಡ್ಡಿ ಆಡಿಸಿದ್ದರು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋ ಕೆಲಸ ಕೊಡಿಸಿದ್ದರು. ಈ ಉಪಕಾರ ಹೇಗೆ ತೀರಿಸಲಿ ಅಂತ ಕೊಟ್ರವ್ವ ದಿನಾ ಅನ್ನೋಳು.

ಒಂದು ದಿನ ಕಾಲ ಕೂಡಿ ಬಂತು. ಶಾಲೆಯ ಐವತ್ತನೇ ವರ್ಷದ ಪುಸ್ತಕಕ್ಕೆ ಮೇಷ್ಟ್ರು ಒಂದು ಪುಟ ಬರೆದಿದ್ದರು. ಕಬಡ್ಡಿ, ಹುತುತು, ಅಣ್ಣತಮ್ಮರಂಥ ಎರಡು ಆಟ, ಯಾವುದರಲ್ಲಿ ಏನು ಹೆಚ್ಚು ಅಂತ. ಅವಸರದಲ್ಲಿ ಬರೆದು, ಚುಕ್ಕಿ ಗಿಕ್ಕಿ ಆಮೇಲೆ ಇಡೋಣ ಅಂದುಕೊಂಡಿದ್ದರು. ಅಷ್ಟರಲ್ಲಿ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿತ್ತು. ಸಂಜೆಯೊಳಗೆ ಪುಟ ಪ್ರೆಸ್ಸು ಮುಟ್ಟದಿದ್ದರೆ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಓದು ಬಲ್ಲವರೆಲ್ಲ ಪಕ್ಕದೂರಿನ ಪಂದ್ಯ ನೋಡೋಕೆ ಹೋಗಿದ್ದರು.

"ನನ್ನ ಮಗ ಇದಾನಲ್ಲ ಮೇಷ್ಟ್ರೇ!" ಅಂದಳು ಕೊಟ್ರವ್ವ. ಅಂದವಳೇ ಮಗನನ್ನ ಮೇಷ್ಟ್ರ ಮನೆಗೆ ಎಳೆದು ತಂದಳು.

"ಓದ್ತಾ ಹೋಗಪ್ಪ. ಉಸಿರು ತಗೊಂಡ ಕಡೆ ಅಲ್ಪವಿರಾಮ ಹಾಕು," ಅಂದರು ಮೇಷ್ಟ್ರು.

ಉಜ್ಜಿನಪ್ಪ ಎದೆ ತುಂಬ ಉಸಿರು ಎಳೆದ. ಓದಿದ. ಮುಗಿಸಿದ.

"ಎಷ್ಟು ಹಾಕಿದೆ?"

"ಒಂದು."

"ಎಲ್ಲಿ?"

"ಕೊನೇಲಿ. ಅಲ್ಲೇ ಉಸಿರು ಬಿಟ್ಟು ತಗೊಂಡೆ."

"ಅಯ್ಯೋ ನನ್ನ ಕರ್ಮವೇ!" ಕೊಟ್ರವ್ವ ಹಣೆ ಚಚ್ಚಿಕೊಂಡಳು. "ಇದೇನು ಕಬಡ್ಡಿ ಅಂಕಣವೇನಲೇ? ಸುಸ್ತಾದವರ ಹಾಗೆ ನಿಂತು ನಿಂತು ಓದೋ!"

"ಹಂಗೇ ಆಗ್ಲಿ ಯವ್ವಾ."

ಹೊರಗೆ ಓಡಿದ. ಮೈದಾನಕ್ಕೆ ಏಳು ಸುತ್ತು ಹಾಕಿದ. ಬೆವರು ಸುರಿಸುತ್ತ ಬಂದು ಓದಿದ. "ಕಬಡ್ಡಿ... ಹ್ಹ... ಹುತುತು... ಹ್ಹ..."

"ಈಗೆಷ್ಟು?"

"ಪದಕ್ಕೊಂದು ಮೇಷ್ಟ್ರೇ! ಒಂದು ಕಡೆ ಎರಡು, ಅಲ್ಲಿ ಕೆಮ್ಮು ಬಂತು."

"ನಿನ್ನ ಕೆಮ್ಮು ಅಚ್ಚಾಗಬೇಕೇನೋ!" ಅಂತ ಅವ್ವ ಬೈದಳು. ರಬ್ಬರು ತಗೊಂಡು ಎಲ್ಲ ಅಳಿಸಿದ್ದಾಯಿತು.

ಮೇಷ್ಟ್ರು ಎದ್ದರು. "ಪುಟ ನನಗೆ ಬಾಯಿಗೇ ಬರುತ್ತೆ. ನಾನು ಹೇಳ್ತಾ ಹೋಗ್ತೀನಿ. ನಾನು ನಿಂತ ಕಡೆಯೆಲ್ಲ ಒಂದೊಂದು ಚುಕ್ಕಿ ಇಡು, ಸಾಕು."

ಪಾಠ ಮಾಡುವಾಗಿನ ಅಭ್ಯಾಸ, ಕೋಲೂರಿಕೊಂಡು ಅಂಗಳದಲ್ಲಿ ಅಡ್ಡಾಡುತ್ತ ಹೇಳಿದರು. ವಾಕ್ಯ ಮುಗಿದಾಗ ನಿಂತರು. ಮತ್ತೆ ನಡೆದರು, ಮತ್ತೆ ನಿಂತರು. ಉಜ್ಜಿನಪ್ಪ ಹಿಂದೆ ಹಿಂದೆಯೇ ಬಗ್ಗಿ ಬಗ್ಗಿ ಬಂದ.

"ಎಷ್ಟಾಯ್ತು?"

"ಹತ್ತೊಂಬತ್ತು!"

"ಭೇಷ್! ಲೆಕ್ಕ ಸರಿ!"

ಒಳಗಿಂದ ನೀರು ತಂದ ಕೊಟ್ರವ್ವ ನೋಡುತ್ತಾಳೆ, ಅಂಗಳದ ತುಂಬ ಸುಣ್ಣದ ಚುಕ್ಕಿ! ಕಾಗದ ಕಟ್ಟೆಯ ಮೇಲೆ ಹಾಗೇ ಇದೆ.

"ಮುಟ್ಠಾಳಾ! ಕೂತ್ಕೋ ಇಲ್ಲಿ! ಮೇಷ್ಟ್ರು ಹೇಳ್ತಾ ಹೋದ ಹಾಗೆ ಪದದ ಮೇಲೆ ಬೆರಳು ಓಡಿಸು. ನಾನು ಪಕ್ಕೆಗೆ ತಿವೀತೀನಿ. ತಿವಿದಾಗ ಬೆರಳಿದ್ದ ಪದದ ಮುಂದೆ, ಕಾಗದದ ಮೇಲೆ, ಪೆನ್ಸಿಲಿಂದ ಚುಕ್ಕಿ! ನೆಲದ ಮೇಲಲ್ಲ, ಅಂಗಿ ಮೇಲಲ್ಲ!"

ಮೇಷ್ಟ್ರು ಹೇಳಿದರು. ಅವರ ದನಿ ನಿಂತಾಗೆಲ್ಲ ಅವಳು ತಿವಿದಳು. ಅವನು ಚುಕ್ಕಿ ಇಟ್ಟ. ಹತ್ತೊಂಬತ್ತು ತಿವಿತ, ಹತ್ತೊಂಬತ್ತು ಚುಕ್ಕಿ.

"ಕೊಟ್ರವ್ವಾ, ಒಂದಕ್ಷರ ಕಲೀದೆ ನನ್ನ ಪುಟ ತಿದ್ದಿದೆಯಲ್ಲವ್ವ," ಅಂದರು ಮೇಷ್ಟ್ರು.

"ಎಲ್ಲ ನಿಮ್ಮದೇ," ಅಂದಳು.

ಮೇಷ್ಟ್ರು ನಕ್ಕರು. "ಉಜ್ಜಿನಪ್ಪಾ, ಕಾಗದ ಪ್ರೆಸ್ಸಿಗೆ ಕೊಡು. ನೀನು ಅಷ್ಟು ಕಷ್ಟಪಟ್ಟು ಅಂಗಳದಲ್ಲಿ ಇಟ್ಟ ಚುಕ್ಕೀನೂ ಕೊಟ್ಟು ಬಾ!"

"ಹಂಗೇ ಆಗ್ಲಿ ಮೇಷ್ಟ್ರೇ."

ಲೋಟ ಒಳಗಿಟ್ಟು ಬಂದ ಕೊಟ್ರವ್ವ ನೋಡುತ್ತಾಳೆ, ಅಂಗಳದಲ್ಲಿ ಸಾಲಾಗಿ ಹೊಸ ಗುಂಡಿ! ಎದೆ ಬಡಿದುಕೊಂಡು ಪ್ರೆಸ್ಸಿನ ಕಡೆ ಓಡಿದಳು.

ಪ್ರೆಸ್ಸಿನಲ್ಲಿ ಮೇಷ್ಟ್ರ ಕಾಗದ ಆಗಲೇ ಯಜಮಾನರ ಕೈಯಲ್ಲಿತ್ತು. ಅವರ ಮೇಜಿನ ಮೇಲೆ ಉಜ್ಜಿನಪ್ಪ ಮಣ್ಣು ತುಂಬಿದ ಮಂಕರಿ ಬೋರಲು ಹಾಕುತ್ತಿದ್ದ.

"ಹತ್ತೊಂಬತ್ತು ಹೆಂಟೆ, ಹೆಂಟೆಗೊಂದು ಚುಕ್ಕಿ. ಮೇಷ್ಟ್ರು ಕಳಿಸಿದ್ದು. ಹುಷಾರಾಗಿ ಅಚ್ಚು ಹಾಕಿ ಸಾಮಿ, ಒಂದು ದಾರೀಲಿ ಒಡೆದು ಅಲ್ಪವಿರಾಮ ಆಗಿದೆ!"